ಅಮ್ಮ ಆಕ್ಸೆಸ್ ಕೇಳಿದ್ದು

ಇಂಗ್ಲಿಷ್ ಪಾಠ ಹೇಳಿ ಬದುಕುವವಳು ನಾನು. ಆಂಧ್ರದ ಆದವಾನಿಯ ಒಂದು ಜೂನಿಯರ್ ಕಾಲೇಜಿನಲ್ಲಿ ಹುಡುಗಿಯರಿಗೆ ಗ್ರಾಮರು, ಪ್ರೋಸು, ಒಂದಿಷ್ಟು ಪೊಯೆಟ್ರಿ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಆಟೋದವರ ಜೊತೆ ದಖನಿ ಉರ್ದು, ಕ್ಲಾಸಿನಲ್ಲಿ ಇಂಗ್ಲಿಷು. ನಮ್ಮೂರಿನಲ್ಲಿ ಇದು ದೊಡ್ಡ ಮಾತೇನಲ್ಲ, ಸೊಪ್ಪು ಮಾರುವವಳೂ ಇಷ್ಟನ್ನು ಸಲೀಸಾಗಿ ಮಾಡುತ್ತಾಳೆ. ಆದರೆ ದಿನವೂ ಇಷ್ಟು ಭಾಷೆಗಳ ನಡುವೆ ಓಡಾಡಿಕೊಂಡಿದ್ದ ನನ್ನನ್ನು ಒಂದು ಪುಟ್ಟ ಪದ ಅಡ್ಡಹಾಕಿ ನಿಲ್ಲಿಸಿತು. ಆ ಪದ ಆಕ್ಸೆಸ್.

ಪಾಠದಲ್ಲಿ ಒಂದು ಊರಿಗೆ ಶುದ್ಧ ನೀರಿನ ಆಕ್ಸೆಸ್ ಇಲ್ಲ ಎಂಬ ವಾಕ್ಯವಿತ್ತು. ದೇವನಕೊಂಡದ ಕಡೆಯಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ಆಕ್ಸೆಸ್ ಅಂಟೆ ತಾಳಂ ಚೆವಾ?" ಎಂದಳು. ಆಕ್ಸೆಸ್ ಅಂದರೆ ಬೀಗದ ಕೈಯಾ ಎಂದು ಅವಳ ಪ್ರಶ್ನೆ. ಅಲ್ಲಮ್ಮ ಎಂದೆ. ಹಾಗಾದರೆ ಬಾಗಿಲಾ ಎಂದಳು. ಬಾಗಿಲೂ ಅಲ್ಲ ಎಂದೆ. ದಾರಿಯಾ ಎಂದಳು. ಅದೂ ಪೂರ್ತಿ ಅಲ್ಲ. ಮತ್ತೇನು ಎಂಬಂತೆ ಇಡೀ ಕ್ಲಾಸು ನನ್ನ ಮುಖ ನೋಡಿತು. ಅಷ್ಟರಲ್ಲಿ ಬೆಲ್ಲು ಹೊಡೆದು ನನ್ನ ಮಾನ ಉಳಿಸಿತು.

ಮನೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ಇಂಗ್ಲಿಷಿನಲ್ಲಿ ಈ ಆಕ್ಸೆಸ್ ಅನ್ನುವುದು ಬಂಗಾರದ ಬಳೆಯ ಹಾಗೆ. ಅದು ಕೆಲವರ ಹತ್ತಿರ ಇರುತ್ತದೆ, ಕೆಲವರ ಹತ್ತಿರ ಇರುವುದಿಲ್ಲ. ಕೊಡಬಹುದು, ಪಡೆಯಬಹುದು, ಕಳೆದುಕೊಳ್ಳಲೂಬಹುದು. ಬೇಡ ಎಂದವರು ಯಾರು ಎಂಬುದು ಮಾತ್ರ ವಾಕ್ಯದಲ್ಲಿ ಎಲ್ಲೂ ಕಾಣುವುದಿಲ್ಲ. ನಮ್ಮ ಕನ್ನಡದಲ್ಲಿ ಹಾಗೆ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ. ಒಳಗೆ ಬಿಡುವವರು ಒಬ್ಬರು ಇರಲೇಬೇಕು, ಬಿಡದವರೂ ಒಬ್ಬರು ಇರಬೇಕು. ಆ 'ಬಿಡು' ಎಂಬ ಮಾತಾದರೂ ಎಂಥದು ನೋಡಿ. 'ನನ್ನನ್ನು ಒಳಗೆ ಬಿಡಿ' ಎಂದರೂ ಬಿಡುವುದೇ, 'ನನ್ನನ್ನು ಬಿಟ್ಟುಬಿಡಿ' ಎಂದರೂ ಬಿಡುವುದೇ. ಬರುವವಳೂ ಹೋಗುವವಳೂ ಒಂದೇ ಮಾತನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಂತಿರುತ್ತಾರೆ.

ಇಂಗ್ಲಿಷು ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದ್ದು ಇದೇ ಮೊದಲಲ್ಲ. ನಮ್ಮ ಅಪ್ಪ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದರು. ಅದರ ಗೇಟಿಗೆ, ಕೆಲಸವಿಲ್ಲದವರಿಗೆ ನೋ ಅಡ್ಮಿಷನ್ ಎಂಬ ಅರ್ಥದ ಇಂಗ್ಲಿಷ್ ಬೋರ್ಡು ತಗುಲಿಹಾಕಿತ್ತು. ಅಡ್ಮಿಷನ್ ಅಂದರೆ ಶಾಲೆಗೆ ಸೇರಿಸುವುದು ಎಂದಷ್ಟೇ ತಿಳಿದಿದ್ದ ನಾನು, ಅದು ದೊಡ್ಡವರ ಶಾಲೆ, ಈ ವರ್ಷ ಸೀಟು ತುಂಬಿದೆ ಎಂದುಕೊಂಡಿದ್ದೆ. ಸಂಜೆ ಅಪ್ಪ ತಲೆ ಮೀಸೆಗೆಲ್ಲ ಹತ್ತಿಯ ಎಳೆ ಮೆತ್ತಿಕೊಂಡು ಬಂದರೆ, ಇವತ್ತು ಏನು ಪಾಠ ಮಾಡಿದರು ಎಂದು ಕೇಳುತ್ತಿದ್ದೆ. ಅಪ್ಪನೂ ಗಂಭೀರವಾಗಿ, ಇವತ್ತು ಹತ್ತಿಯಿಂದ ಬೀಜ ಬಿಡಿಸುವ ಪಾಠ ಎನ್ನುತ್ತಿದ್ದರು. ಅಪ್ಪ ಸುಳ್ಳು ಹೇಳಿದ್ದರೆಂದು ಈಗಲೂ ನನಗೆ ಅನ್ನಿಸುವುದಿಲ್ಲ.

ನಮ್ಮ ಅಜ್ಜಿ, ಎಂದರೆ ಅಮ್ಮನ ತಾಯಿ, ಯಾವ ಬೋರ್ಡೂ ಇಲ್ಲದೆ ಇದೇ ಕೆಲಸ ಮಾಡುತ್ತಿದ್ದಳು. ಮಡಿಯಲ್ಲಿದ್ದಾಗ ಅವಳ ಕಣ್ಣು ಒಂದು ಸಲ ಹಾಯ್ದರೆ ಸಾಕು, ಮಕ್ಕಳೆಲ್ಲ ಪಡಸಾಲೆಗೆ ಹಿಂದೆ ಸರಿಯುತ್ತಿದ್ದೆವು. ಅದೇ ಅಜ್ಜಿ ಮಧ್ಯಾಹ್ನವಾದ ಮೇಲೆ ಹಿತ್ತಲ ಕಟ್ಟೆಯ ಮೇಲೆ ಕೂತು, ಹೆಣ್ಣುಮಕ್ಕಳ ತಲೆ ಬಾಚಿ ಹೆರಳು ಹಾಕುತ್ತ ತಾನೇ ಕಟ್ಟಿದ ಹಾಡು ಹಾಡುತ್ತಿದ್ದಳಂತೆ. ಅಂತೆ ಎನ್ನುತ್ತೇನೆ, ಏಕೆಂದರೆ ನಾನು ಹೆರಳು ಹಾಕಿಸಿಕೊಳ್ಳುವ ವಯಸ್ಸಿಗೆ ಬರುವಾಗ ಅಜ್ಜಿ ಹಾಡುವುದನ್ನು ನಿಲ್ಲಿಸಿದ್ದಳು. ಆ ಹಾಡು ಅವಳ ಇಬ್ಬರು ಹೆಣ್ಣುಮಕ್ಕಳ ಹತ್ತಿರ ಮಾತ್ರ ಉಳಿದಿತ್ತು. ದೊಡ್ಡವಳು ನಮ್ಮ ಅಮ್ಮ, ಇಂದಿರಾಬಾಯಿ. ಚಿಕ್ಕವಳು ಪದ್ಮಾ ಚಿಕ್ಕಮ್ಮ.

ಅಜ್ಜಿ ಹಾಡು ನಿಲ್ಲಿಸಿದ್ದಕ್ಕೂ ಚಿಕ್ಕಮ್ಮನಿಗೂ ಸಂಬಂಧವಿತ್ತು. ಚಿಕ್ಕಮ್ಮ ಕನ್ನಡ ಮೀಡಿಯಮ್ಮಿನಲ್ಲಿ ಟೀಚರ್ ಟ್ರೇನಿಂಗ್ ಮುಗಿಸಿದ ವರ್ಷವೇ, ಹತ್ತಿ ವ್ಯಾಪಾರದ ಲಿಂಗಾಯತರ ಮನೆಯ ಶರಣಪ್ಪನವರನ್ನು ಮದುವೆಯಾದಳು. ರಿಜಿಸ್ಟರ್ ಮದುವೆ. ನಮ್ಮ ಅಜ್ಜ ದೇವಸ್ಥಾನದ ಅರ್ಚಕರು, ಪುರಾಣ ಹೇಳುವವರು, ಊರಿಗೆಲ್ಲ ಬೇಕಾದವರು. ಅವರು ಕೂಗಾಡಲಿಲ್ಲ, ಅಳಲಿಲ್ಲ. ಆಕೆ ಇನ್ನು ಈ ಹೊಸ್ತಿಲು ತುಳಿಯಕೂಡದು ಎಂದಷ್ಟೇ ಹೇಳಿ ಪೂಜೆಗೆ ಕೂತರಂತೆ. ಚಿಕ್ಕಮ್ಮ ಊರೇನೂ ಬಿಟ್ಟುಹೋಗಲಿಲ್ಲ. ಅದೇ ಆದವಾನಿಯಲ್ಲಿ, ನಡೆದೇ ಹೋಗಬಹುದಾದಷ್ಟು ದೂರದಲ್ಲಿ ಸಂಸಾರ ಮಾಡಿದಳು. ಕಾಲ ಕಳೆದು ಅಜ್ಜ ಹೋದರು, ಅಜ್ಜಿಯೂ ಹೋದಳು, ಆ ಹಳೆಯ ಮನೆಯೇ ಬೇರೆಯವರದಾಯಿತು. ಅಜ್ಜನ ಮಾತು ಮಾತ್ರ ಅಮ್ಮನ ಜೊತೆ ನಮ್ಮ ಮನೆಗೆ ಬಂತು. ಆ ಬೀಗ ಹಾಕಿದವರು ಇಲ್ಲ, ತೆಗೆಯುವ ಹಕ್ಕು ಯಾರಿಗಿದೆ ಎಂಬುದು ಯಾರಿಗೂ ಗೊತ್ತಿಲ್ಲ.

ಅಕ್ಕತಂಗಿಯರು ಜಗಳವಾಡಿದವರಲ್ಲ. ಬಟ್ಟೆ ಅಂಗಡಿಯಲ್ಲಿ ಎದುರಾದರೆ ಇಬ್ಬರೂ ತಲೆಯಾಡಿಸುತ್ತಿದ್ದರು, ಆಮೇಲೆ ಇಬ್ಬರೂ ಸೀರೆ ನೋಡುತ್ತಿದ್ದರು. ನಾನು ಚಿಕ್ಕಮ್ಮನ ಮನೆಗೆ ಹೋಗಿ ಬರುತ್ತಿದ್ದೆ, ಅಮ್ಮ ಬೇಡ ಅನ್ನುತ್ತಿರಲಿಲ್ಲ. ಹೇಗಿದ್ದಾಳೆ ಎಂದೂ ಕೇಳುತ್ತಿರಲಿಲ್ಲ. ಏನು ತಿನ್ನಲು ಕೊಟ್ಟಳು ಎಂದು ಕೇಳುತ್ತಿದ್ದಳು. ಮಂಡಾಳೊಗ್ಗರಣೆ ಎಂದರೆ, ಮೆಣಸಿನಕಾಯಿ ಜಾಸ್ತಿ ಹಾಕಿದ್ದಳೋ ಹೇಗೆ ಎನ್ನುವಳು. ಹೌದು ಎಂದರೆ ಅಮ್ಮನ ಮುಖದಲ್ಲಿ ಒಂದು ನೆಮ್ಮದಿ ಕಾಣುತ್ತಿತ್ತು. ತಂಗಿ ಬದಲಾಗಿಲ್ಲ ಎಂದು ಅವಳಿಗೆ ಅಷ್ಟರಿಂದಲೇ ತಿಳಿಯುತ್ತಿತ್ತು.

ಹೀಗಿರುವಾಗ ಚಿಕ್ಕಮ್ಮನ ಮೊಮ್ಮಗಳು ಶ್ರಾವಣಿ ಒಂದು ಕೆಲಸ ಮಾಡಿದಳು. ಡಿಗ್ರಿ ಓದುತ್ತಿರುವ ಚುರುಕು ಹುಡುಗಿ. ಚಿಕ್ಕಮ್ಮ ಹಾಡುವ ಹಾಡುಗಳನ್ನೆಲ್ಲ ಒಂದೊಂದಾಗಿ ರೆಕಾರ್ಡ್ ಮಾಡಿ, ಚಿಕ್ಕಮ್ಮನ ಹೆಸರಿನಲ್ಲೇ ಇಂಟರ್ನೆಟ್ಟಿನಲ್ಲಿ ಜೋಡಿಸಿಟ್ಟು, ಅದರ ಲಿಂಕನ್ನು ನನಗೆ ಕಳಿಸಿದಳು. ಮೊದಲನೆಯದೇ ಆ ಹೆರಳಿನ ಹಾಡು. ಖುಷಿಯಲ್ಲಿ ನಾನು ಹಿಂದೆ ಮುಂದೆ ಯೋಚಿಸದೆ ಅದನ್ನು ಅಮ್ಮನ ಫೋನಿಗೆ ದಾಟಿಸಿ ಕಾಲೇಜಿಗೆ ಹೋದೆ.

ಸಂಜೆ ಬಂದಾಗ ಅಮ್ಮ ಪಡಸಾಲೆಯಲ್ಲಿ ಫೋನು ಹಿಡಿದು ಕೂತಿದ್ದಳು. ಪರದೆಯ ಮೇಲೆ ಬೀಗದ ಚಿತ್ರ, ಕೆಳಗೆ ಎರಡು ಸಾಲು ಇಂಗ್ಲಿಷು. ಇದೇನು ಹೇಳುತ್ತದೆ ಎಂದಳು. ನಿನಗೆ ಆಕ್ಸೆಸ್ ಬೇಕು ಎನ್ನುತ್ತದೆ ಎಂದೆ. ಹಾಗಂದರೇನು ಎಂದಳು. ಕ್ಲಾಸಿನಲ್ಲಿ ಬೆಲ್ಲು ಉಳಿಸಿತ್ತು, ಇಲ್ಲಿ ಉಳಿಸುವವರು ಯಾರೂ ಇರಲಿಲ್ಲ. ನನಗೆ ತಿಳಿದಂತೆ ಬಿಡಿಸಿ ಹೇಳಿದೆ. ಹಾಡು ಚಿಕ್ಕಮ್ಮನ ಹೆಸರಿನಲ್ಲಿದೆ, ಅವಳು ಒಪ್ಪಿದವರಿಗೆ ಮಾತ್ರ ತೆರೆಯುತ್ತದೆ, ಶ್ರಾವಣಿ ನನ್ನ ಹೆಸರು ಸೇರಿಸಿದ್ದಾಳೆ, ನಿನ್ನದು ಸೇರಿಸಿಲ್ಲ, ಅಷ್ಟೇ. ಅದಕ್ಕೇನಂತೆ, ನನ್ನ ಫೋನಿನಲ್ಲಿ ಕೇಳು ಎಂದು ಹಾಡು ಹಚ್ಚಲು ಹೋದೆ.

ಅಮ್ಮ ನನ್ನ ಕೈ ಹಿಡಿದು ನಿಲ್ಲಿಸಿದಳು. "ಬ್ಯಾಡ. ನಿನಗ ಕೊಟ್ಟಾಳ, ನನಗ ಕೊಟ್ಟಿಲ್ಲ. ನಿನ್ನ ಫೋನಿನಾಗ ಕೇಳಿದ್ರ ಕದ್ದು ಕೇಳಿದಂಗ ಆಗ್ತದ."

ಆಕ್ಸೆಸ್ ಎಂಬ ಪದವನ್ನು ಅಷ್ಟು ಚೆನ್ನಾಗಿ ನನಗೆ ಯಾರೂ ಅರ್ಥ ಮಾಡಿಸಿರಲಿಲ್ಲ. ಆದರೆ ಆ ಹೊತ್ತಿಗೆ ನನಗೆ ಅರ್ಥಕ್ಕಿಂತ ಗಾಬರಿಯೇ ಹೆಚ್ಚಾಗಿತ್ತು. ಶ್ರಾವಣಿಗೆ ಫೋನು ಮಾಡುತ್ತೇನೆ, ಒಂದು ನಿಮಿಷದ ಕೆಲಸ ಎಂದೆ. ಅದಕ್ಕೂ ಬೇಡ ಅಂದಳು. ನನ್ನ ಹೆಸರಿಗೆ ಬೀಗ ಬಿದ್ದಿದೆ, ನೀನು ಹೋಗಿ ತೆಗೆಸಿಕೊಂಡು ಬರಬೇಡ ಎಂದು ಫೋನನ್ನು ದೇವರ ಗೂಡಿನ ಪಕ್ಕ ಮಗುಚಿಟ್ಟು ಎದ್ದುಹೋದಳು.

ಮುಂದಿನ ಕೆಲವು ದಿನ ಅಮ್ಮ ಎಂದಿನಂತೆಯೇ ಇದ್ದಳು. ಬತ್ತಿ ಹೊಸೆದಳು, ಸೊಪ್ಪು ಸೋಸಿದಳು, ಪಕ್ಕದ ಮನೆಯವರ ತೆಲುಗು ಸೀರಿಯಲ್ಲಿನ ಕಥೆಯನ್ನು ಗೋಡೆಯ ಈಚೆಯಿಂದಲೇ ಕೇಳಿ ನನಗೆ ಒಪ್ಪಿಸಿದಳು. ನಡುನಡುವೆ ಮಾತ್ರ ಅಡಿಗೆಮನೆಯಿಂದ ಆ ಹೆರಳಿನ ಹಾಡು ಮೆಲ್ಲಗೆ ಕೇಳುತ್ತಿತ್ತು. ಎರಡು ನುಡಿ ಸಲೀಸಾಗಿ ಬರುತ್ತಿತ್ತು. ಮೂರನೆಯ ನುಡಿಯ ಹತ್ತಿರ ನಿಲ್ಲುತ್ತಿತ್ತು. ಮತ್ತೆ ಮೊದಲಿಂದ ಶುರು, ಮತ್ತೆ ಅಲ್ಲೇ ನಿಲುಗಡೆ. ಅಮ್ಮ ಆ ನುಡಿಯನ್ನು ಮರೆತಿದ್ದಾಳೆ ಎಂಬುದು ನನಗೆ ಆಗ ತಿಳಿಯಿತು. ಅದು ಅವಳಿಗೂ ಹೊಸದಾಗಿ ತಿಳಿದಿತ್ತೋ ಏನೋ. ಲೋಕದಲ್ಲಿ ಆ ನುಡಿ ಗೊತ್ತಿರುವವಳು ಇನ್ನೊಬ್ಬಳೇ, ಅವಳು ಎಲ್ಲಿದ್ದಾಳೆಂಬುದೂ ಗೊತ್ತು.

ಒಂದು ಮಧ್ಯಾಹ್ನ ಅಮ್ಮ ತಾನಾಗಿಯೇ ಫೋನು ತಂದು ನನ್ನ ಮುಂದಿಟ್ಟಳು. ಕೆಳಗಿನ ನೀಲಿ ಗುಂಡಿ ಏನು ಎಂದಳು. ಆಕ್ಸೆಸ್ ಕೇಳುವ ಗುಂಡಿ, ಒತ್ತಿದರೆ ಚಿಕ್ಕಮ್ಮನ ಫೋನಿಗೆ ನಿನ್ನ ಹೆಸರು ಹೋಗುತ್ತದೆ ಎಂದೆ. ಬರೀ ಹೆಸರೋ, ಎರಡು ಮಾತು ಬರೆಯಬಹುದೋ ಎಂದಳು. ಬರೆಯಲೂಬಹುದು, ಬಿಡಲೂಬಹುದು ಎಂದೆ. ಇಷ್ಟು ವರ್ಷಗಳ ಮೌನ ಮುರಿಯುವ ಮಾತು, ಏನು ಬರೆಸುತ್ತಾಳೋ ಎಂದು ಫೋನು ಹಿಡಿದು ಕಾದೆ.

"ಬರಿ," ಎಂದಳು. "ಪದ್ದಿ, ಮೂರನೇ ನುಡಿ ನೆನಪಾಗವಲ್ದು."

ಅಷ್ಟೇ ಬರೆದೆ. ಗುಂಡಿಯನ್ನು ಅಮ್ಮನೇ ಒತ್ತಿದಳು, ಕುಂಕುಮ ಇಡುವ ಬೆರಳಿನಿಂದ, ಸ್ವಲ್ಪ ಜೋರಾಗಿಯೇ.

ಆ ಸಂಜೆ ಉತ್ತರ ಬರಲಿಲ್ಲ. ಮರುದಿನವೂ ಬೀಗದ ಚಿತ್ರ ಹಾಗೇ ಇತ್ತು. ಅಮ್ಮ ಏನೂ ಕೇಳಲಿಲ್ಲ, ಆದರೆ ಫೋನನ್ನು ಮಗುಚಿ ಇಡಲಿಲ್ಲ. ನನಗೆ ನನ್ನ ವಿದ್ಯೆಯ ಮೇಲೇ ಸಿಟ್ಟು ಬಂತು. ಇಂಗ್ಲಿಷಿನಲ್ಲಿ ನಿರಾಕರಿಸಲು ಯಾರೂ ಬಾಯಿ ತೆರೆಯಬೇಕಾಗಿಲ್ಲ, ಗುಂಡಿ ಒತ್ತದೆ ಕೂತರೆ ಸಾಕು. ಅಮ್ಮನನ್ನು ಅಂಥ ಬಾಗಿಲಿಗೆ ಕರೆದುಕೊಂಡು ಹೋದವಳು ನಾನೇ.

ಆ ಭಾನುವಾರ ಹೊತ್ತು ಇಳಿಯುವಾಗ ಮನೆಯ ಮುಂದೆ ಆಟೋ ನಿಂತಿತು. ಇಳಿದವಳು ಚಿಕ್ಕಮ್ಮ, ಹಿಂದೆ ಶ್ರಾವಣಿ. ಚಿಕ್ಕಮ್ಮ ಮೆಟ್ಟಿಲ ತನಕ ಬಂದು, ಚಪ್ಪಲಿ ಬಿಟ್ಟು, ಹೊಸ್ತಿಲಿನ ಆಚೆಯೇ ನಿಂತಳು. ಅಮ್ಮ ಈಚೆ ನಿಂತಳು. ಇಬ್ಬರ ನಡುವೆ ಅಮ್ಮ ಬೆಳಿಗ್ಗೆ ಹೊಸ್ತಿಲಿಗೆ ಬರೆದ ರಂಗೋಲಿಯಿತ್ತು.

ನಡೆದದ್ದೇನೆಂದರೆ, ಬೇಡಿಕೆ ತಲುಪಿದ ಹೊತ್ತಿಗೆ ಶ್ರಾವಣಿ ಪರೀಕ್ಷೆಗೆಂದು ಕರ್ನೂಲಿಗೆ ಹೋಗಿದ್ದಳು. ಚಿಕ್ಕಮ್ಮನಿಗೆ ಕನ್ನಡದ ಸಾಲು ಓದಲು ಬಂತು, ಅದರ ಮೇಲಿದ್ದ ಇಂಗ್ಲಿಷು ತಿಳಿಯಲಿಲ್ಲ. ತಪ್ಪು ಗುಂಡಿ ಒತ್ತಿದರೆ ಅಕ್ಕನ ಮಾತು ಅಳಿಸಿಹೋದೀತೆಂದು ಮುಟ್ಟಲು ಹೆದರಿ, ಫೋನನ್ನು ಕಪಾಟಿನಲ್ಲಿಟ್ಟು ಮೊಮ್ಮಗಳ ದಾರಿ ನೋಡುತ್ತಿದ್ದಳು. ಶ್ರಾವಣಿ ಬಂದು ಓದಿ, ತನಗೆ ತೋಚಿದಂತೆ ಕನ್ನಡ ಮಾಡಿ ಹೇಳಿದಳು: ನಿಮ್ಮ ಅಕ್ಕ ಒಳಗೆ ಬರಲೇ ಎಂದು ಕೇಳುತ್ತಿದ್ದಾರೆ. ನನ್ನ ಸ್ಟೂಡೆಂಟ್ ಆಗಿದ್ದರೆ ಈ ಅನುವಾದಕ್ಕೆ ಅರ್ಧ ಮಾರ್ಕು ಕೊಡುತ್ತಿದ್ದೆ. ಚಿಕ್ಕಮ್ಮ ಅದನ್ನು ಕೇಳಿ, ಫೋನನ್ನು ಮುಟ್ಟದೆ, ಸೀರೆ ಬದಲಾಯಿಸಿ ಆಟೋ ಕರೆಸಿದಳು.

"ಒಳಗ ಬರ್ಲೇನು ಅಂತ ಕೇಳಿದ್ಯಂತ," ಎಂದಳು ಚಿಕ್ಕಮ್ಮ. "ನೀ ಯಾಕ ಕೇಳಬೇಕು ಇಂದಕ್ಕ. ಅದಕ್ಕ ನಾನೇ ಬಂದೀನಿ."

ಅಮ್ಮ ತಂಗಿಯನ್ನು ತಲೆಯಿಂದ ಕಾಲ ತನಕ ನೋಡಿದಳು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ಮೂರನೇ ನುಡಿ ಬರ್ತದೇನು ಎಂದು ಕೇಳಿದಳು.

"ಬರ್ತೈತಿ," ಎಂದಳು ಚಿಕ್ಕಮ್ಮ.

"ಮತ್ತ ಹೊರಗ ನಿಂತು ಹಾಡ್ತೀಯೇನು?"

ಚಿಕ್ಕಮ್ಮ ರಂಗೋಲಿ ತುಳಿಯದಂತೆ ಸೀರೆಯ ನೆರಿಗೆ ಎತ್ತಿಕೊಂಡು ಹೊಸ್ತಿಲು ದಾಟಿದಳು. ಅಜ್ಜ ಹಾಕಿದ ಬೀಗ ತೆಗೆಯುವ ಹಕ್ಕು ಯಾರಿಗಿದೆ ಎಂದು ನಾನು ಇಷ್ಟು ವರ್ಷ ಯೋಚಿಸಿದ್ದೆ. ಅಮ್ಮ ಅದನ್ನು ತೆಗೆಯಲೂ ಇಲ್ಲ, ಅದರ ಹೆಸರನ್ನೂ ಎತ್ತಲಿಲ್ಲ. ತಂಗಿಗೆ ಕೂರಲು ಚಾಪೆ ಹಾಸಿದಳು.

ಕೂತ ಮೇಲೆ ಅಮ್ಮನೇ ಮೊದಲು, ನಿನ್ನ ಮಾತೆಲ್ಲ 'ಐತಿ' ಆಗಿದೆಯಲ್ಲ ಎಂದಳು. ನಮ್ಮ ಮನೆಗಳಲ್ಲಿ 'ಅದ' ಎನ್ನುವುದು ರೂಢಿ, ಶರಣಪ್ಪನವರ ಮನೆಯಲ್ಲಿ 'ಐತಿ'. ಚಿಕ್ಕಮ್ಮ ನಕ್ಕು, ಅಲ್ಲಿ ಹೋದ ಹೊಸದರಲ್ಲಿ 'ಅದ' ಅಂದರೆ ಎಲ್ಲರೂ ಮುಖ ನೋಡುತ್ತಿದ್ದರು, ಯಾವಾಗ ಬದಲಾಯಿತೋ ತನಗೇ ಗೊತ್ತಿಲ್ಲ ಎಂದಳು. ಕನಸಿನಲ್ಲಿ ಮಾತ್ರ ಈಗಲೂ 'ಅದ' ಅಂತೀನಂತೆ, ನಮ್ಮ ಮನೆಯವರು ಹೇಳುತ್ತಾರೆ ಎಂದಳು. ಅಮ್ಮ ಆಗ ಸೆರಗು ಕಣ್ಣಿಗೆ ಒತ್ತಿಕೊಂಡಳು.

ಆಮೇಲೆ ಚಿಕ್ಕಮ್ಮ ಹಾಡಿದಳು. ಎರಡು ನುಡಿಗೆ ಅಮ್ಮ ದನಿಗೂಡಿಸಿದಳು. ಮೂರನೆಯದಕ್ಕೆ ಚಿಕ್ಕಮ್ಮ ಒಬ್ಬಳೇ ಹೋದಳು, 'ಮುಷ್ಟಿಯೊಳಗೆ ಸಿಕ್ಕ ಕೂದಲ, ಮುದ್ದು ಮಗಳ ಕೂದಲ' ಎಂದು. ಅಮ್ಮ ತಟ್ಟನೆ ಕೈಯೆತ್ತಿ, ಇದಲ್ಲ ಎಂದಳು. ಇದೇ ಎಂದಳು ಚಿಕ್ಕಮ್ಮ. ಅಲ್ಲವೇ ಅಲ್ಲ, 'ಮುಷ್ಟಿಯೊಳಗೆ ಸಿಗದ ಕೂದಲ' ಎಂದು ಅಮ್ಮನ ಬಾಯಿಂದ ಆ ನುಡಿ ಪೂರ್ತಿಯಾಗಿ, ಎಲ್ಲೂ ತಡೆಯದೆ ಹೊರಬಂತು. ತಪ್ಪು ಕೇಳಿದ್ದೇ ತಡ, ಅವಳಿಗೆ ತನ್ನದು ನೆನಪಾಗಿತ್ತು. ಬಂದು ಅರ್ಧ ಗಂಟೆಯೂ ಆಗಿಲ್ಲ, ಅಕ್ಕತಂಗಿಯರು ಜಗಳಕ್ಕೆ ನಿಂತರು. ಅವ್ವ ಹೀಗೇ ಹಾಡುತ್ತಿದ್ದಳು ಎಂದು ಒಬ್ಬಳು, ನಾನೇನು ಕಿವುಡಿಯೇ ಎಂದು ಇನ್ನೊಬ್ಬಳು. ಶ್ರಾವಣಿ ನನ್ನ ಕಿವಿಯಲ್ಲಿ, ಆಂಟಿ, ದೊಡ್ಡಜ್ಜಿಗೆ ಬರೀ ಕೇಳುವ ಆಕ್ಸೆಸ್ ಸಾಲದು, ತಿದ್ದುವ ಆಕ್ಸೆಸ್ಸೂ ಕೊಡಬೇಕು ಎಂದಳು.

ಜಗಳ ನಿಂತದ್ದು ಚಿಕ್ಕಮ್ಮ ತನ್ನ ತಲೆ ಮುಟ್ಟಿಕೊಂಡಾಗ. ಕೂದಲಿನ ವಿಷಯದಲ್ಲಿ ಅಕ್ಕತಂಗಿಯರು ಚಿಕ್ಕಂದಿನಿಂದಲೂ ಬೇರೆ ಬೇರೆ. ಅಮ್ಮನದು ಈಗಲೂ ದಪ್ಪ ಜಡೆ.

"ನಂದು ಇಲಿ ಬಾಲದಂಥ ಜಡಿ ಇತ್ತಲ್ಲಕ್ಕ," ಎಂದಳು ಚಿಕ್ಕಮ್ಮ ನಿಧಾನವಾಗಿ. "ಅದಕ್ಕ ಅವ್ವ ನನಗ ಹಾಂಗ ಹಾಡಿದ್ಲೇನೋ."

ಅಜ್ಜಿ ಯಾರ ತಲೆ ಬಾಚುತ್ತಿದ್ದಳೋ ಅವರ ಕೂದಲಿಗೆ ತಕ್ಕಂತೆ ನುಡಿ ಬದಲಾಯಿಸುತ್ತಿದ್ದಳು. ತೆಳು ಕೂದಲಿನ ಮಗಳಿಗೆ ತನ್ನ ಕೂದಲು ತೆಳು ಎಂದು ಅನ್ನಿಸದ ಹಾಗೆ, ಕೈಗೆ ಸಿಗುವುದೇ ಚೆಂದ ಎನ್ನುವ ಹಾಗೆ. ಮಕ್ಕಳಿಬ್ಬರೂ ತಾವು ಕೇಳಿದ್ದೇ ಹಾಡು ಎಂದುಕೊಂಡು ಬೆಳೆದಿದ್ದರು.

ಹದಿನೈದು ದಿನ ಬಿಟ್ಟು ಅಮ್ಮ ಚಿಕ್ಕಮ್ಮನ ಮನೆಗೆ ಹೋದಳು, ಮೊದಲ ಸಲ. ಶರಣಪ್ಪ ಚಿಕ್ಕಪ್ಪ ಬಾಗಿಲಲ್ಲೇ ನಿಂತು, ಬರ್ರಿ ಅಕ್ಕಾರೆ ಎಂದು ಕೈಮುಗಿದು, ತಾವೇ ಒಳಗೆ ಹೋಗಿ ಕಾಫಿ ಮಾಡಿ ತಂದರು. ಅಮ್ಮ ಕುಡಿದು, ಸಕ್ಕರೆ ಜಾಸ್ತಿಯಾಯಿತು ಎಂದಳು. ಚಿಕ್ಕಪ್ಪನಿಗೆ ಅದು ಸರ್ಟಿಫಿಕೇಟ್ ಸಿಕ್ಕಷ್ಟು ಸಂತೋಷವಾಯಿತು.

ಅಕ್ಕತಂಗಿಯರು ಜೊತೆಯಲ್ಲಿ ಹಾಡಿದರು, ಮೂರನೇ ನುಡಿಯನ್ನು ಎರಡೂ ಬಗೆಯಲ್ಲಿ. ಶ್ರಾವಣಿ ರೆಕಾರ್ಡ್ ಮಾಡಿಕೊಂಡು, ಇದನ್ನು ಯಾರು ಯಾರಿಗೆ ತೆರೆದಿಡಲಿ, ಹೆಸರು ಹೇಳಿ ಎಂದಳು. ಚಿಕ್ಕಮ್ಮ ಒಂದೆರಡು ಹೆಸರು ಹೇಳತೊಡಗಿದಳು. ಅಮ್ಮ ನಡುವೆ ಬಾಯಿ ಹಾಕಿದಳು.

"ಹೆಸರೇನೂ ಬ್ಯಾಡ. ಹಾಡು ಕೇಳೋರು ನಮ್ಮನ್ನ ಕೇಳಬೇಕು ಅಂತಿಲ್ಲ. ಯಾರಿಗೆ ಬೇಕೋ ಕೇಳ್ಲಿ."

ಕನ್ನಡದಲ್ಲಿ ಹಾಡು ಕೇಳುವುದೂ ಅಪ್ಪಣೆ ಕೇಳುವುದೂ ಒಂದೇ ಮಾತು ಎಂಬುದು ಅಷ್ಟು ದಿನ ನನ್ನ ಗಮನಕ್ಕೇ ಬಂದಿರಲಿಲ್ಲ. ಶ್ರಾವಣಿ ತಲೆ ತಗ್ಗಿಸಿ ಫೋನಿನಲ್ಲಿ ಏನೋ ಒತ್ತಿದಳು. ಅವಳ ಕೂದಲು ಭುಜಕ್ಕೂ ತಾಗದು. ಹೋದ ತಿಂಗಳಷ್ಟೇ ಕತ್ತರಿಸಿಕೊಂಡಿದ್ದಾಳೆ, ಅದು ಸದಾ ಮುಖದ ಮೇಲೆ ಬೀಳುತ್ತಿರುತ್ತದೆ. ಅಮ್ಮ ಅದನ್ನೇ ನೋಡುತ್ತಿದ್ದವಳು ಹುಡುಗಿಯ ಕೈಹಿಡಿದು ತನ್ನ ಮುಂದೆ ಕೂರಿಸಿಕೊಂಡಳು. ಹೆಣೆಯಲು ನೋಡಿದಳು. ಎರಡು ಎಳೆ ಹಿಡಿದರೆ ಮೂರನೆಯದು ಜಾರುತ್ತಿತ್ತು. ಇದಕ್ಕೆ ಯಾವ ಹಾಡು ಹಾಡುತ್ತೀ ಈಗ ಎಂದು ಚಿಕ್ಕಮ್ಮ ಕೆಣಕಿದಳು.

ಅಮ್ಮ ಸ್ವಲ್ಪ ಹೊತ್ತು ಬೆರಳಾಡಿಸುತ್ತ ಯೋಚಿಸಿದಳು. ಆಮೇಲೆ ಅಜ್ಜಿಯ ಅದೇ ಧಾಟಿಯಲ್ಲಿ, 'ಮುಷ್ಟಿ ಜಾರಿ ಓಡೋ ಕೂದಲ, ಮುದ್ದು ಮಗಳ ಕೂದಲ' ಎಂದು ಹಾಡಿದಳು. ಚಿಕ್ಕಮ್ಮ ನಗುತ್ತಲೇ ಆ ಸಾಲನ್ನು ಎತ್ತಿಕೊಂಡಳು.